ಎಂಟು ಮಿಲಿಮೀಟರು

ಕರೆಂಟು ಹೋಗಿತ್ತು. ಜೆ.ಸಿ. ರೋಡಿನ ನನ್ನ ಶೆಡ್ಡಿನಲ್ಲಿ
ಲೇತಿನ ಬೆಲ್ಟು ಜೋತುಬಿದ್ದು ಕೂತಿತ್ತು.
ಬ್ಲಾಕ್‌ಪಳ್ಳಿಯಿಂದ ಆಟೋದಲ್ಲಿ ಬಂದಿಳಿದರು ಅರುಳಪ್ಪ,
ಬಗಲಲ್ಲಿ ಹಳೇ ಬೆಡ್‌ಶೀಟು ಸುತ್ತಿದ ಉದ್ದನೆಯದೇನೋ.
ಪರದೆ ಸರಳು ಅಂದುಕೊಂಡೆ.
'ಕಮಿಷನರ್ ಆಫೀಸಿನ ಕಾಗದ ಜೇಬಲ್ಲಿದೆ, ಹೆದರ್ಬೇಡ' ಅಂದರು
ನಾನು ಬಾಯಿ ತೆರೆಯುವ ಮೊದಲೇ.

ತ್ರೀ ಫಿಫ್ಟೀನ್ ರೈಫಲ್ಲು. ಚೆಲುವರಾಜೇ ಅರಸರದ್ದು.
ಮೊಮ್ಮಗಳು ಇಂದಿರಾನಗರದ ಹೋಟೆಲಿಗೆ ಕೊಟ್ಟಿದ್ದಾಳೆ,
ಬಿಯರ್ ನಲ್ಲಿಗಳ ಮೇಲೆ ಗೋಡೆಗೆ ತೂಗುಹಾಕಲಿಕ್ಕೆ.
ನಳಿಗೆಗೆ ಉಕ್ಕಿನ ಸರಳು ತೂರಿಸಿ ಬೆಸೆದರೆ ಮಾತ್ರ ಅನುಮತಿ.
ಬೆಸೆಯುವುದು ಅವರು. ಸರಳು ಕಡೆದುಕೊಡಬೇಕಾದವನು ನಾನು.

'ಸೈಜೆಷ್ಟು?' ಅಂದೆ.
ಎಣ್ಣೆ ಡಬ್ಬದ ಮೇಲೆ ಕೂತು ನಕ್ಕರು.
'ಅರವತ್ತು ವರ್ಷದಿಂದ ಬಂದೋರೆಲ್ಲ ಕೇಳಿದ್ದೂ ಅದನ್ನೇ ಕಣಪ್ಪ.
ಜಿಂಕೆಗೆಷ್ಟು, ಹಂದಿಗೆಷ್ಟು,
ಎರಡಕ್ಕೂ ಆಗೋ ಹಾಗೆ ಒಂದೇ ಇದ್ಯಾ,
ಚಪ್ಪಲಿ ಕೊಳ್ಳೋಕೆ ಬಂದೋರ ಹಾಗೆ.'

ಕರೆಂಟು ಬರಲಿಲ್ಲ. ಮಾತು ಬಂತು.

ಕಾಯಿದೆ ಬರುವುದಕ್ಕೆ ಮುಂಚಿನ ಕಥೆ. ಬನ್ನೇರುಘಟ್ಟದಾಚೆ ಒಂದು ರಾತ್ರಿ.
ಸದ್ದು ಕಮ್ಮಿ ಅಂತ ಅರಸರು
ಯಾರದೋ ಟೂ-ಟೂ ಕಡ ತಂದಿದ್ದರು.
ಮೊಲಕ್ಕೆ ಸಾಕಾಗುವ ಗುಂಡು, ಎದುರಿಗೆ ನಿಂತದ್ದು ಕೊಂಬಿನ ಸಾರಂಗ.
ಬಿತ್ತು ಅಂದುಕೊಂಡದ್ದು ಬೀಳಲಿಲ್ಲ, ನಡೆಯಿತು.
ಹದಿನೆಂಟರ ಅರುಳಪ್ಪನ ಕೈಯಲ್ಲಿ ಲಾಟೀನು.
ಲಂಟಾನದ ಎಲೆ ಎಲೆ ತಿರುಗಿಸಿ ನೆತ್ತರು ನೋಡುತ್ತ
ಬೆಳಗಿನ ತನಕ ಅದರ ಹಿಂದೆ.
ರಾಗಿ ಹೊಲದ ಬದುವಿನಲ್ಲಿ ಸಿಕ್ಕಾಗ
ಇನ್ನೂ ತಲೆ ಎತ್ತಿಕೊಂಡೇ ಇತ್ತು.
'ನೋಡ್ತಾ ಇತ್ತು' ಅಂದರು, ಅಷ್ಟೇ ಅಂದರು.
ಮರುವಾರ ಅರಸರು ಈ ರೈಫಲ್ಲು ಕೊಂಡರು.

ಹಂದಿಯದು ಬೇರೆ ಲೆಕ್ಕವಂತೆ.
ಕಾದಾಡಿ ಕಾದಾಡಿ ಗಂಡುಹಂದಿಯ ಭುಜದ ಮೇಲೆ
ತೊಗಲು ಹಲಗೆಯಾಗಿರುತ್ತದೆ.
ಹಗುರ ಗುಂಡು ಒಳಹೊಕ್ಕು ಅಲ್ಲೇ ಸಂಸಾರ ಹೂಡುತ್ತದೆ.
ಒಮ್ಮೆ ಕೊಯ್ದಾಗ ಸಿಕ್ಕಿತ್ತು ಯಾರದೋ ಹಳೆಯ ಸೀಸ,
ಸುತ್ತ ಬೆಳ್ಳಗೆ ಕೊಬ್ಬು ಕಟ್ಟಿ, ಹಲಸಿನ ಬೀಜದ ಹಾಗೆ.
ಅದನ್ನು ತೊಳೆದು, ತೂತು ಕೊರೆದು
ಬೀಗದಕೈ ಗೊಂಚಲಿಗೆ ಹಾಕಿಕೊಂಡಿದ್ದಾರೆ.
ನನ್ನ ಅಂಗೈಗೆ ಇಟ್ಟರು. ಬೆಚ್ಚಗಿತ್ತು, ಜೇಬಿನ ಬಿಸಿ.

'ಹಾಗಾದ್ರೆ ದೊಡ್ಡದೇ ಒಳ್ಳೇದು ಅನ್ನಿ.'
'ದೊಡ್ಡದಕ್ಕೆ ಭುಜ ಹೆದರುತ್ತೆ. ಹೆದರಿದ ಭುಜ ಕಣ್ಣು ಮುಚ್ಚಿಸುತ್ತೆ.
ಹೊಡೆಯೋನ ಕೈ ತಡೆಯೋವಷ್ಟು ದೊಡ್ಡದು,
ಹೊಡೆಸಿಕೊಂಡದ್ದು ಒದ್ದಾಡದಷ್ಟು ದೊಡ್ಡದು,
ಇವೆರಡೂ ಕೂಡೋ ಜಾಗ ಕೂದಲೆಳೆಯಷ್ಟೇ ಇರೋದು.
ತುಂಬ ಜನಕ್ಕೆ ಅದು ಇರೋದೇ ಇಲ್ಲ.
ಅಂಥೋರಿಗೆ ಏರ್‌ಗನ್ನು ಕೊಟ್ಟು ಕಳಿಸ್ತಿದ್ದೆ, ಬಲೂನು ಹೊಡ್ಕೊಳ್ಳಿ ಅಂತ.'

ನಳಿಗೆಯನ್ನು ರಸ್ತೆಗೆ ಹಿಡಿದು ನೋಡಿದೆ.
ತಿರುಪಿನ ಗೆರೆಗಳು ಸುರುಳಿ ಸುರುಳಿಯಾಗಿ ಹೋಗಿ
ಕೊನೆಯಲ್ಲಿ ಕಾಸಿನಗಲದ ಬೆಳಕು.
ಅದರೊಳಗೆ ಬಿಎಂಟಿಸಿ ಬಸ್ಸಿನ ಚಕ್ರದ ಒಂದು ತುಂಡು,
ಆಮೇಲೆ ಬಜ್ಜಿಯವಳ ಮೊಣಕೈ.
ತಟ್ಟನೆ ಕೆಳಗಿಳಿಸಿದೆ.

ಕರೆಂಟು ಬಂತು. ಬೆಲ್ಟು ಎದ್ದಿತು.
ಉಕ್ಕಿನ ಸಿಂಬೆ ನೀಲಿಯಾಗಿ ಕಾಲ ಬಳಿ ಬೀಳುತ್ತಿತ್ತು.
ಎಂಟು ಮಿಲಿಮೀಟರಿಗೆ ಎರಡು ಪಾಯಿಂಟು ಕಮ್ಮಿ.
ಅರುಳಪ್ಪ ಮೈಕ್ರೋಮೀಟರು ಕಿವಿಯ ಹತ್ತಿರ ಹಿಡಿದು ತಿರುಗಿಸಿದರು,
ಕಣ್ಣು ಕಾಣುವುದಿಲ್ಲ, ಕಿಟಕಿಟ ಕೇಳಿಸುತ್ತದೆ.
ಮರದ ಸುತ್ತಿಗೆಯಲ್ಲಿ ತಟ್ಟುತ್ತ ತಟ್ಟುತ್ತ
ಸರಳನ್ನು ಪೂರಾ ಒಳಗೆ ಕಳಿಸಿದರು.
ಬಾಯಿಟ್ಟು ಊದಿದರು. ಉಸಿರು ವಾಪಸು ಬಂತು.

'ನೋಡು, ಜಿಂಕೆಗೂ ಹಂದಿಗೂ ಸರಿಹೋಗೋದು.'

ಮುನ್ನೂರೈವತ್ತು ಅಂದೆ. ಮುನ್ನೂರು ಕೊಟ್ಟರು.
ಐವತ್ತಕ್ಕೆ ಜಗಳವಾಡಿದೆವು, ಚೆನ್ನಾಗಿಯೇ ಆಡಿದೆವು.
ಆಟೋ ತಿರುಗಿದ ಮೇಲೆ ನೋಡಿದರೆ
ಬೆಂಚಿನ ಮೇಲೆ ಬೀಗದಕೈ ಗೊಂಚಲು.
ಓಡಿದೆ.